ಜಾನುವಾರು ಮೇಳಕ್ಕೆ ಡೆಕ್ಕನಿ ಟಗರು, ಜೊತೆಗೆ ಕಂಬಳಿ ಕೆಲಸ: ತಯಾರಿ ಹೇಗೆ?

ಸಾಗರದ ಕುರಿಮನೆ: ನಮ್ಮೂರ ಜಾನುವಾರು ಮೇಳಕ್ಕೆ ಎರಡು ಡೆಕ್ಕನಿ ತಳಿಯ ಟಗರು ಕಟ್ಟಿ, ಪಕ್ಕದಲ್ಲೇ ಉಣ್ಣೆ ಹಿಂಜಿ ನೂತು ತೋರಿಸೋ ಯೋಚನೆ ಇದೆ. ಇನ್ನು ಒಂದೂವರೆ ತಿಂಗಳಿದೆ. ಮೈ ತೊಳೆಯೋದು ಯಾವಾಗ? ಉಣ್ಣೆ ಕತ್ತರಿಸಿಯೇ ತರಬೇಕಾ? ಮಗ್ಗವನ್ನೂ ಇಡಬಹುದಾ?

ಶಿಕಾರಿಪುರ ಹಟ್ಟಿ: ಮೊದಲು ಪಿಪಿಆರ್ (ಕುರಿ-ಮೇಕೆಗೆ ಬರೋ ಅಂಟುರೋಗ) ಲಸಿಕೆ ಆಗಿದೆಯಾ ನೋಡಿ. ಹಾಕಿಸಿ ಕನಿಷ್ಠ 3 ವಾರ ಆಗಿರಲಿ. ಹಿಂದಿನ ದಿನ ಚುಚ್ಚಿಸಿದ್ರೆ ಕಾಗದಕ್ಕೆ ಆಗತ್ತೆ, ಕುರಿಗೆ ಆಗಲ್ಲ. ಮೈ ತೊಳೆಯೋದು 4-5 ದಿನ ಮುಂಚೆ, ಬಿಸಿಲೇರಿದ ಮೇಲೆ. ಮೇಲ್ಗಡೆ ಒಣಗಿದ ಹಾಗೆ ಕಂಡ್ರೂ ಬೆನ್ನಿನ ಉಣ್ಣೆ ಬಿಡಿಸಿ ಚರ್ಮ ಮುಟ್ಟಿ ನೋಡಿ. ಬುಡ ಹಸಿ ಇದ್ರೆ ರಾತ್ರಿ ಥಂಡಿಗೆ ಶೀತ ಹಿಡಿದು ನ್ಯುಮೋನಿಯಾಕ್ಕೆ ತಿರುಗಬಹುದು. ಉಣ್ಣೆ ಪೂರ್ತಿ ತೆಗೀಬೇಡಿ, ತೀರ್ಪುಗಾರರು ಬಿಡಿಸಿ ನೋಡೋದೇ ಅದನ್ನ. ಗೊರಸು ಎರಡು ವಾರ ಮುಂಚೆ ಕತ್ತರಿಸಿ. ಕೊನೇ ದಿನ ಕತ್ತರಿಸೋಕೆ ಹೋಗಿ ಒಳಗಿನ ಹಸಿ ಮಾಂಸಕ್ಕೆ ತಾಗಿದ್ರೆ ರಿಂಗಿನಲ್ಲಿ ಕುಂಟತ್ತೆ. ಹಿಡಿಯುವಾಗ ದವಡೆ ಕೆಳಗೆ ಕೈ ಕೊಡಿ, ಉಣ್ಣೆ ಹಿಡಿದು ಎಳೀಬೇಡಿ, ಚರ್ಮ ಕಂದತ್ತೆ.

ತೀರ್ಥಹಳ್ಳಿ ತೋಟ: ಗೊರಸು ಅಂದ್ರಲ್ಲ, ಒಂದು ಮಾತು ಮಾರಾಯ್ರೆ. ಮೇಳದಿಂದ ಬಂದ ಮೇಲೆ ಕಾಲು ಅದ್ದಿಸೋಕೆ ಅಡಿಕೆ ಕೊಳೆಗೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಕದಡಬೇಡಿ. ಮನೇಲಿ ಇರತ್ತೆ ಅಂತ ಕೈ ಹೋಗೋದು ಅದಕ್ಕೇ. ಕುರಿಗೆ ತಾಮ್ರ ಬೇಗ ವಿಷ ಆಗತ್ತೆ, ಪಿತ್ತಜನಕಾಂಗದಲ್ಲಿ ಸೇರ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕೆಡತ್ತೆ. ಸತುವಿನ ಸಲ್ಫೇಟ್ 10 ಲೀಟರ್ ನೀರಿಗೆ 1 ಕೆಜಿ ಸಾಕು. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ತೋಟದ ಹುಲ್ಲನ್ನೂ ಟಗರಿಗೆ ಹಾಕಬೇಡಿ. ವಾಪಸ್ ಬಂದವನ್ನ 3 ವಾರ ಹಿಂಡಿಗೆ ಸೇರಿಸದೆ ಬೇರೆ ಕಟ್ಟಿ.

ಕಂಬಳಿ ಕೆಲಸ: ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯೋ ಗುಂಡಿ ಮಗ್ಗ ಹೊತ್ತು ತರೋ ಸಾಮಾನಲ್ಲ. ಹಿಂಜೋದು, ನೂಲೋದು, ಹಾಸಿಗೆ (ಮಗ್ಗದ ಉದ್ದ ಎಳೆಗಳಿಗೆ) ಸರಿ ಅಂದ್ರೆ ಗಂಜಿ ಹಚ್ಚೋದು ತೋರಿಸಿ, ಜನ ನಿಲ್ಲೋದು ಅಲ್ಲೇ. ಡೆಕ್ಕನಿ ಉಣ್ಣೆ ಒರಟು, ಎಳೆಯ ನವಿರು ಎದ್ದು ನೂಲು ತಿಕ್ಕಿ ಹರಿಯತ್ತೆ. ಅದಕ್ಕೇ ಈ ಸರಿ ಹಚ್ಚೋದು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ ಕುದಿಸಿ. ಹಾಸು ಬಿಗಿಯಾಗಿ ಎಳೆದು ಕಟ್ಟಿ ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಹಚ್ಚಿ. ಮೋಡ ಇದ್ರೆ ಆ ದಿನ ಬಿಡಿ. ಒಣಗದ ಸರಿ ಎಳೆಗೆ ಎಳೆ ಅಂಟಿಸಿ ಬೂಸ್ಟು ಹಿಡಿಸತ್ತೆ. ಉಣ್ಣೆ ತೊಳೆಯೋಕೆ ಉಗುರು ಬೆಚ್ಚಗಿನ ನೀರು, ಅಂಟುವಾಳ. ಉಜ್ಜಬೇಡಿ, ಗಂಟುಕಟ್ಟಿದ ಉಣ್ಣೆ ಹಿಂಜೋಕೆ ಬರಲ್ಲ.

ಸಾಗರದ ಕುರಿಮನೆ: ಸರಿ ಹಾಗಾದ್ರೆ, ಮಗ್ಗ ಬಿಟ್ಟೆ. ಬೀಜ ಹುರಿಯೋ ಒಲೆಯನ್ನ ಟಗರು ಕಟ್ಟೋ ಜಾಗದಿಂದ ಎಷ್ಟು ದೂರ ಇಡ್ಲಿ?

ಕಂಬಳಿ ಕೆಲಸ: ಹುರಿದು ಸಿಪ್ಪೆ ತೆಗೆದೇ ತನ್ನಿ. ಹುಲ್ಲಿರೋ ಕಡೆ ಬೆಂಕಿ ಯಾಕೆ?