ಮಧ್ಯಾಹ್ನ ಆದ್ರ ಇಂಜಿನ್ ಜಗ್ಗಿ ಜಗ್ಗಿ ನಿಲ್ಲತ್ತದ, ಫೋಟೊದಾಗ ಪಟ್ಟಿ ಪಟ್ಟಿ ಬೇರೆ ಬರ್ಲತ್ತವ. ಎಚ್‌ಓ (ಖರೆ ರೈಲಿನ 87ರಾಗ ಒಂದು ಪಾಲು ಸೈಜಿನ ಮಾಡೆಲ್ ರೈಲು), ಡಿಸಿ. ಯಾರರ ಹೇಳ್ರಿ

ವಾಡಿಲೈನ್87, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಎಂಟು ಫೂಟ್ ನಾಲ್ಕು ಫೂಟ್ ಪ್ಲೈವುಡ್ ಮ್ಯಾಲ ಒಂದು ಓವಲ್, ಒಳಗ ಎರಡು ಸೈಡಿಂಗ್, ಇಷ್ಟ ನಂದು ಲೇಔಟ್. ವಾಡಿ ಜಂಕ್ಷನ್ ಥೀಮ್ ಅಂತ ಹಿಡಿದೀನಿ ಅಂದ್ರ ಒಂದು ಕಡಿ ಸಿಮೆಂಟ್ ಫ್ಯಾಕ್ಟರಿ ಸೈಲೋ, ಇನ್ನೊಂದು ಕಡಿ ಸಿಕಂದರಾಬಾದ್ ಲೈನ್ ಹೊಳ್ಳೋ ಜಾಗ. ಹಳಿ ಎಲ್ಲಾ ನಿಕ್ಕಲ್ ಸಿಲ್ವರ್ ಫ್ಲೆಕ್ಸ್ ಟ್ರ್ಯಾಕ್ (ಬೇಕಾದಂಗ ಬಾಗಸೋದು), ಕೋಡ್ 100 (ಹಳಿ ಎತ್ತರದ ಅಳತಿ). ಮಾಮೂಲಿ 12 ವೋಲ್ಟ್ ಡಿಸಿ ಕಂಟ್ರೋಲರ್, ಡಿಸಿಸಿ (ಡಿಜಿಟಲ್ ಕಂಟ್ರೋಲ್) ಗಿಸಿಸಿ ಏನಿಲ್ಲ. ಇಂಜಿನ್ ಒಂದು ಅಮೆರಿಕನ್ ಆಲ್ಕೋ ಮಾಡೆಲ್, ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಮೂಲದಾಗ ಆಲ್ಕೋ ಕಂಪನಿದ್ದೇ ಡಿಸೈನ್ ಅಲ್ರಿ ಅದಕ್ಕ ಮ್ಯಾಲಿನ ಬಾಡಿ ಕೆತ್ತಿ ಬಣ್ಣ ಹೊಡದು ನಮ್ಮದರಂಗ ಮಾಡೀನಿ.

ಈಗ ತ್ರಾಸ ಏನಪಾ ಅಂದ್ರ ಮುಂಜಾನಿ ಎಂಟಕ್ಕ ಹಚ್ಚಿದ್ರ ಚಂದ ಓಡ್ತದ, ಸ್ಲೋ ಸ್ಪೀಡ್‌ನಾಗೂ ಛಲೋ ಹೋಗ್ತದ. ಮಧ್ಯಾಹ್ನ ಊಟ ಆದಮ್ಯಾಲ ಹಚ್ಚಿದ್ರ ಕಿಡಕಿ ಬಾಜೂಕಿನ ಕರ್ವ್‌ನ್ಯಾಗ ಜಗ್ಗತದ, ಲೈಟ್ ಮಿಣಿಮಿಣಿ ಅಂತದ, ನಿಂತ್ ಬಿಡ್ತದ. ಬೆರಳಿಲೆ ದೂಕಿದ್ರ ಮತ್ತ ಹೋಗ್ತದ. ಹೋದ ಚಳಿಗಾಲದಾಗ ಹಿಂಗ ಇರ್ಲಿಲ್ಲ. ರೂಮ್ ಮಾಳಿಗಿ ಮ್ಯಾಲ ಅದ, ಮ್ಯಾಲ ಪತ್ರಾ, ಮೇ ತಿಂಗಳದಾಗ ನಮ್ಮ ಕಲಬುರಗಿ ಹೆಂಗಿರ್ತದ ನಿಮಗ ಗೊತ್ತೇ ಅದ.

ಇನ್ನೊಂದು, ಮೊಬೈಲ್‌ನಾಗ ಫೋಟೊ ತಗದ್ರ ಇಂಜಿನ್ ಮೂತಿ ಅಷ್ಟ ಕಾಣ್ತದ, ಮೂರನೇ ಡಬ್ಬಿ ಮಸಕ್ ಮಸಕ್, ಮ್ಯಾಲ ಅಡ್ಡ ಕರಿ ಪಟ್ಟಿ. ಏನ್ ಮಾಡಿದ್ರೂ ಆಟಿಗಿ ಸಾಮಾನಂಗೇ ಕಾಣ್ತದ. ಮೂರು ಫೋಟೊ ಹಾಕೀನಿ ನೋಡ್ರಿ.

ಮೈಸೂರ್_ಮೀಟರ್‌ಗೇಜ್

ಲೇಔಟ್ ಚೆನ್ನಾಗಿದೆ ಸರ್, ಸೈಲೋ ಸೂಪರ್. ಮೊದ್ಲು ಹಳಿ ಕ್ಲೀನ್ ಮಾಡಿ, ನೂರಕ್ಕೆ ತೊಂಬತ್ತು ಕೇಸಲ್ಲಿ ಅದೇ ಇರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕ್ಕೊಂಡು ಹಳಿ ತಲೆ ಮೇಲೆ ಉಜ್ಜಿ, ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಬೇಡಿ, ಗೀರು ಬಿದ್ರೆ ಕೊಳೆ ಹೋಗಿ ಅಲ್ಲೇ ಕೂತ್ಕೊಳುತ್ತೆ, ಆಮೇಲೆ ವಾರಕ್ಕೊಂದ್ಸಲ ಉಜ್ಜೋದೇ ಕೆಲ್ಸ ಆಗುತ್ತೆ. ಇಂಜಿನ್ ಚಕ್ರನೂ ಮರೀಬೇಡಿ, ಬರೀ ಹಳಿ ಒರೆಸಿ ಚಕ್ರ ಬಿಟ್ರೆ ಚಕ್ರದ ಕೊಳೆ ವಾಪಸ್ ಹಳಿಗೇ ಬರುತ್ತೆ.

ವಾಡಿಲೈನ್87, ಕಲಬುರಗಿ

ಥ್ಯಾಂಕ್ಸ್ ಸರ್, ಅದು ಆಗ್ಯದ್ರಿ. ಹಳಿ, ಚಕ್ರ ಎರಡೂ ಒರಸೀನಿ, ಬಟ್ಟಿ ಬೆಳ್ಳಗೇ ಬರ್ಲತ್ತದ. ಆದ್ರೂ ಮಧ್ಯಾಹ್ನ ಅದೇ ಹಾಡು. ಕೊಳಿ ಇದ್ರ ಮುಂಜಾನಿನೂ ನಿಲ್ಬೇಕಲ್ಲ?

ಕೃಷ್ಣಾ_ಬ್ರಿಡ್ಜ್, ಯಾದಗಿರಿ

ತಮ್ಮಾ, ಮುಂಜಾನಿ ಓಡ್ತದ ಮಧ್ಯಾಹ್ನ ನಿಲ್ತದ ಅಂತ ನೀನೇ ಬರ್ದಿ, ಅಲ್ಲೇ ಅದ ಉತ್ತರ. ಬಿಸಲು. ನಾ ರೇಲ್ವೆದಾಗ ಸಿಗ್ನಲ್ ಕಡಿ ಇದ್ದು ರಿಟೈರ್ ಆದಾಂವ, ಖರೆ ಹಳಿದೂ ಇದೇ ಗೋಳು, ಸಣ್ಣ ಹಳಿದೂ ಇದೇ ಗೋಳು.

ಲೆಕ್ಕ ನೋಡು. ನಿಕ್ಕಲ್ ಸಿಲ್ವರ್ ಅಂದ್ರ ತಾಮ್ರ, ನಿಕ್ಕಲ್, ಸತು ಕೂಡಿಸಿದ್ದು, ಬೆಳ್ಳಿ ಏನೂ ಇರಲ್ಲ ಅದರಾಗ. ಒಂದು ಡಿಗ್ರಿ ಶಾಖ ಏರಿದ್ರ ಒಂದು ಮೀಟರ್ ಹಳಿ ಸುಮಾರು 17 ಮೈಕ್ರಾನ್ ಉದ್ದ ಆಗ್ತದ. ನೀ ಚಳಿಗಾಲದಾಗ ಹಳಿ ಹಾಕಿರ್ತಿ, ಈಗ ಪತ್ರಾ ಕೆಳಗ ಮಧ್ಯಾಹ್ನ 25 ಡಿಗ್ರಿ ಹೆಚ್ಚಿಗಿ ಅದ ಅಂತ ಹಿಡಿ, ನಿನ್ನ ಓವಲ್ ಸುತ್ತಳತಿ ಆರು ಮೀಟರ್ ಇರಬೇಕು, ಗುಣಸಿದ್ರ ಎರಡೂವರಿ ಮಿಲಿಮೀಟರ್. ಇನ್ನ ನಮ್ಮ ಕಡಿ ಒಣ ಬ್ಯಾಸಗಿ, ಪ್ಲೈವುಡ್ ಹಸಿ ಆರಿ ಜರಾ ಕುಗ್ತದ. ಮ್ಯಾಲ ಹಳಿ ಹಿಗ್ಗಲತ್ತದ, ಕೆಳಗ ಹಲಗಿ ಕುಗ್ಲತ್ತದ, ನಡುವ ಜಾಗ ಬಿಟ್ಟಿಲ್ಲ ಅಂದ್ರ ಅದು ಎಲ್ಲಿ ಹೋಗ್ಬೇಕು? ಕರ್ವ್‌ನ್ಯಾಗ ಜಾಯಿಂಟ್ ಇದ್ದಲ್ಲಿ ಮೊಣಕಾಲು ಮಡಚ್ತದ. ಜಾಯ್ನರ್ (ಎರಡು ಹಳಿ ಕೂಡಸೋ ಸಣ್ಣ ಪಟ್ಟಿ) ಬಾಗಿ ಬಾಯಿ ತಗೀತದ, ಕರೆಂಟ್ ಹೋಗ್ತದ. ಸಂಜಿಗಿ ತಣ್ಣಗಾದ್ರ ಮತ್ತ ಕೂಡ್ತದ, ನಿನಗ ಏನೂ ಕಾಣಲ್ಲ.

ಮಲ್ಟಿಮೀಟರ್ ಅದ ಏನು? ಇದ್ರ ಮಧ್ಯಾಹ್ನನೇ ಅಳಿ. ಆದ್ರ ಖಾಲಿ ಹಳಿ ಮ್ಯಾಲ ಅಳೀಬ್ಯಾಡ, ಖಾಲಿ ಇದ್ದಾಗ ಮೀಟರ್ ಕರೆಂಟೇ ಎಳ್ಯಲ್ಲ, ಎಲ್ಲಾ ಕಡಿ ಪೂರಾ ವೋಲ್ಟ್ ತೋರಸಿ ನಿನ್ನ ಯಾಮಾರಸ್ತದ. ಇಂಜಿನ್ ಓಡ್ಲತ್ತಿರಬೇಕು, ಒಂದು ಸಲ ಕಂಟ್ರೋಲರ್ ಬಾಜೂಕ ಅಳಿ, ಒಂದು ಸಲ ಇಂಜಿನ್ ಕಿಡಕಿ ಕರ್ವ್‌ಗಿ ಬಂದಾಗ ಅಲ್ಲೇ ಅಳಿ. ಎರಡೂ ಇಲ್ಲಿ ಬರಿ.

ವಾಡಿಲೈನ್87, ಕಲಬುರಗಿ

ಕಾಕಾ, ಅಳ್ದೆ. ಕಂಟ್ರೋಲರ್ ಬಾಜೂಕ 11.6, ಕರ್ವ್‌ನ್ಯಾಗ 8.3ಕ್ಕ ಬಂತು, ಇಂಜಿನ್ ಜಗ್ಗಿದಾಗ ಇನ್ನೂ ಕೆಳಗ ಜಿಗೀಲತ್ತದ. ಖಾಲಿ ಹಳಿ ಮ್ಯಾಲ ನೀವು ಹೇಳಿದಂಗೇ ಎಲ್ಲಾ ಕಡಿ 12 ತೋರಸ್ತು. ಹಳಿಗಿ ಕರೆಂಟ್ ಕೊಡೋ ಫೀಡರ್ ವೈರ್ ಒಂದೇ ಕಡಿ ಅದ್ರಿ, ಸ್ಟೇಷನ್ ಮುಂದ.

ಬೀದರ್_ಕ್ಲಿಕ್

ಅಣ್ಣಾ ನಾ ಫೋಟೊ ಕಡಿದು ಬರೀಬೇಕಂತ ನಿಮ್ಮ ಎರಡನೇ ಫೋಟೊ ಜೂಮ್ ಮಾಡ್ಲತ್ತಿದ್ದೆ, ಫೋಟೊ ಬಿಡ್ರಿ, ಕಾಕಾ ಹೇಳಿದ್ದು ಅದರಾಗೇ ಕಾಣ್ಲತ್ತದ! ಇಂಜಿನ್ ಮುಂದಿನ ಬೋಗಿ ಇದ್ದಲ್ಲಿ ಹೊರಗಿನ ಹಳಿ ನೋಡ್ರಿ, ಜಾಯಿಂಟ್‌ನಾಗ ಸಣ್ಣ ಮೂಲಿ ಆಗ್ಯದ, ದುಂಡಗ ಹೋಗ್ಬೇಕಾದ ಗೆರಿ ಅಲ್ಲೇ ಮುರ್ದಂಗ ಕಾಣ್ತದ. ಜಾಯ್ನರ್‌ದ ಒಂದು ತುಟಿ ಮ್ಯಾಲ ಎದ್ದದ, ಒಳಗ ಬೆಳಕ್ ಹಾಯ್ದದ.

ಮತ್ತ ಇನ್ನೊಂದು ಅದ. ಅದೇ ಫೋಟೊದಾಗ ಇಂಜಿನ್ ಹೊಟ್ಟಿ ಕೆಳಗ, ಗೇರ್‌ಬಾಕ್ಸ್ ಮುಚ್ಚಳದ ಅಂಚಿನ್ಯಾಗ ಕರಿ ಗಡ್ಡ ಬಂದಂಗ ಕಾಣ್ಲತ್ತದ. ಧೂಳ ಹಂಗ ನಿಲ್ಲಲ್ಲ, ಧೂಳ ಮಲಗ್ತದ. ಇವು ಒಂದರ ಮ್ಯಾಲೊಂದು ನೆಟ್ಟಗ ನಿಂತಾವ, ಮ್ಯಾಗ್ನೆಟ್‌ಗಿ ಕಬ್ಬಿಣದ ಪುಡಿ ಹತ್ತಿದಾಗ ನಿಲ್ತದಲ್ಲ, ಹಂಗ. ಹಳಿ ನಡುವ ಹಾಕಿದ ಖಡಿ ಎಲ್ಲಿಂದ ತಂದೀರಿ?

ವಾಡಿಲೈನ್87, ಕಲಬುರಗಿ

ಖಡಿ ಕ್ರಶರ್‌ದಾಗಿಂದು. ಕರಿ ಕಲ್ಲಿನ ಪುಡಿ ಚೀಲ ತುಂಬ್ಕೊಂಡು ಬಂದು ಚಾ ಸೋಸೋ ಜಾಳಿಗಿಲೆ ಸೋಸಿ, ಫೆವಿಕಾಲ್ ನೀರಾಗ ಕಲಸಿ ಎರಡು ಹನಿ ಭಾಂಡಿ ತೊಳ್ಯೋ ಸೋಪ್ ಹಾಕಿ ಡ್ರಾಪರ್‌ಲೆ ಬಿಟ್ಟೀನಿ. ಬಣ್ಣ ನಮ್ಮ ಲೈನ್‌ದಂಗೇ ಬಂದದ ಅಂತ ಖುಷಿ ಆಗಿತ್ತು ನೋಡ್ರಿ.

ಕೃಷ್ಣಾ_ಬ್ರಿಡ್ಜ್, ಯಾದಗಿರಿ

ಬೀದರ್ ಹುಡುಗನ ಕಣ್ಣು ಛಲೋ ಅವ. ನಮ್ಮ ಕಡಿ ಕರಿ ಕಲ್ಲು ಅಂದ್ರ ಜ್ವಾಲಾಮುಖಿದಾಗಿಂದ ಬಂದ ಬಸಾಲ್ಟ್, ಅದರಾಗ ಮ್ಯಾಗ್ನೆಟೈಟ್ ಇರ್ತದ. ಖರೆ ಲೈನ್‌ಗಿ ಅದೇ ಬೇಕು, ಗಟ್ಟಿ ಕಲ್ಲು. ಆದ್ರ ಮಾಡೆಲ್ ಇಂಜಿನ್ ಮೋಟರ್ ಒಳಗ ಪರ್ಮನೆಂಟ್ ಮ್ಯಾಗ್ನೆಟ್ ಅದ, ಅಂಟಲ್ದೆ ಉಳಿದ ಹಳಕ್ ಇರ್ತಾವಲ್ಲ, ಅವು ಇಂಜಿನ್ ಮ್ಯಾಲ ಹಾದಾಗೆಲ್ಲ ಜಿಗದು ಹತ್ತತಾವ. ಗೇರ್‌ನ್ಯಾಗ ಗ್ರೀಸ್‌ಗಿ ಕೂಡಿದ್ರ ಪಾಲಿಶ್ ಪೇಪರ್ ಆಯ್ತು ಅಂತ ತಿಳಿ.

ಮೊದಲ ಹಳಿದು ಮುಗಸು. ಜಾಯಿಂಟ್ ಎಲ್ಲಾ ಬೆಸುಗಿ ಹಾಕಬ್ಯಾಡ. ಕರ್ವ್‌ನ್ಯಾಗಿನ ಜಾಯಿಂಟ್ ಅಷ್ಟ ಬೆಸುಗಿ ಹಾಕು ಅಂದ್ರ ಮೂಲಿ ಆಗಲ್ಲ, ಸೀದಾ ಹಳಿ ಮ್ಯಾಲಿನ ಜಾಯಿಂಟ್ ಹಿಗ್ಗಲಾಕ ಬಿಡು. ಮುಂಜಾನಿ ತಂಪಿನ್ಯಾಗ ಕೆಲ್ಸ ಮಾಡ್ತಿದ್ರ ಆ ಸೀದಾ ಜಾಯಿಂಟ್‌ಗಿ ಅರ್ಧ ಮಿಲಿಮೀಟರ್ ಸಂದು ಬಿಡು. ನಡು ಮಧ್ಯಾಹ್ನ ಕಾದಾಗ ಮಾಡಿದ್ರ ಸಂದು ಬ್ಯಾಡ, ಅದು ಚಳಿಗಾಲದಾಗ ತಾನೇ ಬಿಚ್ಚಕೊಂತದ. ಮತ್ತ ಸಂದು ಬಿಟ್ಟಲ್ಲಿ ಜಾಯ್ನರ್ ಮ್ಯಾಲ ಕರೆಂಟ್ ಭಾರ ಹಾಕಬ್ಯಾಡ, ಪ್ರತಿ ತುಂಡಿಗೂ ಅದರದೇ ಫೀಡರ್ ಕೊಡು. ಹಲಗಿ ಕೆಳಗ 1.5 ಸ್ಕ್ವೇರ್ ಎಂಎಂ ಮನಿ ವೈರ್ ಎರಡು ಬಣ್ಣದ್ದು ಎಳಿ, ಅಲ್ಲಿಂದ ಸಣ್ಣ ವೈರ್ ಗೇಣುದ್ದಕ್ಕಿಂತ ಕಮ್ಮಿ ಇರಂಗ ಹಳಿಗಿ ಹಚ್ಚು. ಸೂಪರ್ ಮಾರ್ಕೆಟ್ ಕಡಿ ಎಲೆಕ್ಟ್ರಿಕ್ ಅಂಗಡ್ಯಾಗ ಎಲ್ಲಾ ಸಿಗ್ತದ. ಬೆಸುಗಿ ಹಾಕೋ ಮುಂದ ಎರಡೂ ಬಾಜೂಕ ಹಸಿ ಹತ್ತಿ ಇಡು, ಇಲ್ಲಂದ್ರ ಪ್ಲಾಸ್ಟಿಕ್ ಸ್ಲೀಪರ್ ಕರಗ್ತಾವ.

ಬೀದರ್_ಕ್ಲಿಕ್

ಇಂಜಿನ್ ಕೆಳಗಿನ ಮುಚ್ಚಳ ಬಿಚ್ಚಿ, ಹಳೇ ಗ್ರೀಸ್ ಎಲ್ಲಾ ತಗದು, ಹಳೇ ಹಲ್ಲು ಉಜ್ಜೋ ಬ್ರಶ್‌ಲೆ ಆಲ್ಕೋಹಾಲ್ ಹಚ್ಚಿ ತೊಳೀರಿ. ಮ್ಯಾಗ್ನೆಟ್‌ಗಿ ಹತ್ತಿದ ಪುಡಿ ಬ್ರಶ್‌ಗಿ ಬರಲ್ಲ, ಸೆಲ್ಲೋಟೇಪ್ ಅಂಟಸಿ ಅಂಟಸಿ ಎಳೀರಿ. ಮೋಟರ್ ಹಳೇ ನಮೂನಿ ತೆರದದ್ದು ಇದ್ರ ಆರ್ಮೇಚರ್ (ಒಳಗ ತಿರಗೋ ಭಾಗ) ಹೊರಗ ಎಳೀಲಾಕ ಹೋಗಬ್ಯಾಡ್ರಿ, ಹಳೇ ಆಲ್ನಿಕೋ ಮ್ಯಾಗ್ನೆಟ್ ಇದ್ರ ಶಕ್ತಿ ಇಳದ್ ಹೋಗ್ತದ. ಆಮ್ಯಾಲ ಪ್ಲಾಸ್ಟಿಕ್‌ಗಿ ಆಗೋ ಗ್ರೀಸ್ ಚೂರೇ ಚೂರು.

ಹಳಿಗಿ ಬಂದ್ರ, ಒಂದು ಗಟ್ಟಿ ಮ್ಯಾಗ್ನೆಟ್ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಟ್ರ್ಯಾಕ್ ಮ್ಯಾಲ ಆಡಸ್ರಿ, ಚೀಲ ಹೊಳ್ಳಿಸಿದ್ರ ಪುಡಿ ಉದುರ್ತದ. ನಿಕ್ಕಲ್ ಸಿಲ್ವರ್ ಮ್ಯಾಗ್ನೆಟ್‌ಗಿ ಹತ್ತಲ್ಲ, ಚಿಂತಿ ಇಲ್ಲ, ಆದ್ರ ಟ್ರ್ಯಾಕ್ ಮೊಳಿ ಕಬ್ಬಿಣದ್ದಿದ್ರ ಜೋಪಾನ, ಕಿತ್ಕೊಂಡು ಬರ್ತಾವ.

ಈಗ ಫೋಟೊ. ಪಟ್ಟಿ ಬರೋದು ನಿಮ್ಮ ಎಲ್‌ಇಡಿ ಟ್ಯೂಬ್‌ಲೈಟಿಂದ. ನಮ್ಮ ಕರೆಂಟ್ 50 ಹರ್ಟ್ಜ್, ಅಂದ್ರ ಅಗ್ಗದ ಎಲ್‌ಇಡಿ ಸೆಕೆಂಡಿಗಿ 100 ಸಲ ಮಿಣಕ್ತದ, ಮೊಬೈಲ್ ಸೆನ್ಸರ್ ಸಾಲ್ ಸಾಲ್ ಓದ್ತದ, ಮಿಣಕ್ ಸಾಲಿಗಿ ಬಂದಾಗ ಕರಿ ಪಟ್ಟಿ. ಪ್ರೊ ಮೋಡ್‌ನಾಗ ಶಟರ್ 1/100 ಇಲ್ಲಾ 1/50 ಇಡ್ರಿ, ಪಟ್ಟಿ ಹೋಗ್ತಾವ. ಇಂಜಿನ್ ನಿಂತೇ ಇರ್ತದಲ್ಲ, ಮೊಬೈಲ್ ಅಲುಗಾಡಲ್ದಂಗ ಎರಡು ಪುಸ್ತಕದ ನಡುವ ಸಿಗಸಿ ಟೈಮರ್ ಹಾಕ್ರಿ.

ಮಸಕ್ ಆಗೋದು ಭಾಳ ಹತ್ರ ಹೋಗೋದ್ರಿಂದ. ಎಷ್ಟು ಹತ್ರ ಹೋದ್ರ ಅಷ್ಟು ಫೋಕಸ್ ತೆಳ್ಳಗಾಗ್ತದ. ಒಂದೂವರಿ ಫೂಟ್ ಹಿಂದ ಸರದು ತಗೀರಿ, ಆಮ್ಯಾಲ ಕ್ರಾಪ್ ಮಾಡ್ರಿ. ಇನ್ನೂ ಬೇಕಂದ್ರ ಮೊಬೈಲ್ ಅಲ್ಲೇ ಇಟ್ಟು ಇಂಜಿನ್ ಮ್ಯಾಲ ಒಂದು, ಮೊದಲನೇ ಡಬ್ಬಿ ಮ್ಯಾಲ ಒಂದು, ಹಿಂದಿನ ಸೈಲೋ ಮ್ಯಾಲ ಒಂದು ಹಿಂಗ ಫೋಕಸ್ ಸರಸ್ತಾ ತಗದು ಸ್ಟ್ಯಾಕ್ ಮಾಡ್ರಿ, ಅಂದ್ರ ಎಲ್ಲಾ ಕೂಡಸಿ ಒಂದೇ ಫೋಟೊ, ಫೋಟೊಶಾಪ್‌ನಾಗೂ ಆಗ್ತದ, ಹೆಲಿಕಾನ್ ಫೋಕಸ್‌ನಾಗೂ ಆಗ್ತದ.

ಆಟಿಗಿ ಸಾಮಾನಂಗ ಕಾಣೋದು ಯಾಕಂದ್ರ ನೀವು ನಿಂತು ಮ್ಯಾಲಿಂದ ತಗೀಲತ್ತೀರಿ, ಹೆಲಿಕಾಪ್ಟರ್‌ದಾಗ ಕುಂತಂಗ. ಪ್ಲಾಟ್‌ಫಾರ್ಮ್ ಮ್ಯಾಲ ನಿಂತ ಮನಷ್ಯಾನ ಕಣ್ಣು ಐದೂವರಿ ಫೂಟ್ ಎತ್ತರ, 87ಲೆ ಭಾಗಿಸಿದ್ರ 19 ಮಿಲಿಮೀಟರ್. ಲೆನ್ಸ್ ಅಲ್ಲಿಗಿ ಬರಬೇಕು. ಮೊಬೈಲ್ ತಲಿಕೆಳಗ ಹಿಡೀರಿ, ಕ್ಯಾಮೆರಾ ಕೆಳಗ ಬರ್ತದ, ಹಳಿ ಬಾಜೂಕೇ ಇಡ್ಲಾಕ ಬರ್ತದ. ಮತ್ತ ನೇರ ಮೂತಿಗಿ ತಗೀಬ್ಯಾಡ್ರಿ. ನಮ್ಮ ಬ್ರಾಡ್‌ಗೇಜ್‌ದಾಗ ಎರಡು ಹಳಿ ನಡುವಿನ ಅಂತರ 1676 ಮಿಲಿಮೀಟರ್, ಎಚ್‌ಓಕ್ಕ 19.3 ಬರಬೇಕು, ನಮ್ಮ ಹಳಿ 16.5 ಅಷ್ಟ ಅದ. ನೇರ ನೋಡಿದ್ರ ಇಂಜಿನ್ ಸಣ್ಣ ಕಾಲಿನ್ಯಾಗ ನಿಂತಂಗ ಕಾಣ್ತದ, ಓರೆಗ ತಗದ್ರ ಯಾರಿಗೂ ಗೊತ್ತಾಗಲ್ಲ.

ಟ್ಯೂಬ್ ಬಂದ್ ಮಾಡಿ ಒಂದೇ ಲೈಟ್ ಮ್ಯಾಲಿಂದ ಹಾಕ್ರಿ, ನೆರಳು ಒಂದೇ ಕಡಿ ಬೀಳಬೇಕು, ಆಕಾಶದಾಗ ಸೂರ್ಯ ಒಬ್ಬನೇ.

ಕೃಷ್ಣಾ_ಬ್ರಿಡ್ಜ್, ಯಾದಗಿರಿ

ಫೋಟೊದಾಗ ಇನ್ನೊಂದು ಕಂಡೆ. ಡಬ್ಬಿಗೋಳು ಹಳೇ ಕೆಂಪು ಬಣ್ಣದವು, ಬೋರ್ಡ್ ಮ್ಯಾಲ ಕಲಬುರಗಿ ಅಂತ ಬರ್ದಿ. ಸರ್ಕಾರ ಆ ಹೆಸರು ಮಾಡಿದ್ದು 2014ರ ನವೆಂಬರ್‌ದಾಗ, ಆ ಕೆಂಪು ಡಬ್ಬಿ ಕಾಲದಾಗ ಸ್ಟೇಷನ್ ಬೋರ್ಡ್ ಗುಲಬರ್ಗಾ ಅಂತಿತ್ತು. ಫೋಟೊ ಹತ್ರದಿಂದ ತಗೀತಿ ಅಂದ್ರ ಯಾವನೋ ಒಬ್ಬ ಇದನ್ನ ಹಿಡೀತಾನ.

ವಾಡಿಲೈನ್87, ಕಲಬುರಗಿ

ಕಾಕಾ ನೀವೇ ಹಿಡದ್ರಲ್ಲ 😄 ಬೋರ್ಡ್ ಬದಲಸ್ತೀನಿ.

ಅಪ್‌ಡೇಟ್: ಕರ್ವ್ ಜಾಯಿಂಟ್ ಬೆಸುಗಿ ಆಯ್ತು, ಸೀದಾ ಹಳಿಗಿ ಸಂದು ಬಿಟ್ಟೆ, ಫೀಡರ್ ಆರು ಕಡಿ ಹಚ್ಚಿದೆ. ಈಗ ಮಧ್ಯಾಹ್ನ ಎರಡಕ್ಕ ಅದೇ ಕರ್ವ್‌ನ್ಯಾಗ 11.4 ಅದ. ಇಂಜಿನ್ ಬಿಚ್ಚಿದ್ರ ಗ್ರೀಸ್ ಕರ್ರಗ ಕಾಡಿಗಿ ಆಗಿತ್ತು, ಟೇಪ್ ಮ್ಯಾಲ ಬಂದ ಪುಡಿ ಮ್ಯಾಗ್ನೆಟ್ ತಂದ್ರ ಕುಣೀತದ. ಗೇರ್ ಹಲ್ಲು ಸವದಿಲ್ಲ ಪುಣ್ಯಾ. ಸದ್ದು ಭಾಳ ಕಮ್ಮಿ ಆಗ್ಯದ. 1/100 ಇಟ್ಟು ತಲಿಕೆಳಗ ಹಿಡದು ತಗದ ಫೋಟೊ ಕೆಳಗ ಅದ, ಪಟ್ಟಿ ಇಲ್ಲ.

ಒಂದೇ ಒಂದು ಉಳೀತು. ಈ ಕರಿ ಖಡಿ ತಗೀಲಾಕ ಬರ್ತದೇನ್ರಿ, ಇಲ್ಲಾ ಹಂಗೇ ಬಿಡ್ಲ್ಯಾ? ಬ್ಯಾರೆ ಏನ್ ಹಾಕ್ಲಿ?

ಮೈಸೂರ್_ಮೀಟರ್‌ಗೇಜ್

ಫೆವಿಕಾಲ್ ಅಂದ್ರೆ ಪಿವಿಎ, ನೀರಿಗೆ ಮೆತ್ತಗಾಗುತ್ತೆ. ಬಿಸಿನೀರು ಸ್ಪ್ರೇ ಮಾಡಿ ಹತ್ತು ನಿಮಿಷ ಬಿಟ್ಟು ಐಸ್‌ಕ್ರೀಮ್ ಕಡ್ಡೀಲಿ ಕೆರೆದ್ರೆ ಬರುತ್ತೆ. ಪಾಯಿಂಟ್ (ಹಳಿ ಕವಲಾಗೋ ಜಾಗ) ಹತ್ರ ಮಾತ್ರ ನೀರು ಕಮ್ಮಿ, ಪ್ಲೈವುಡ್ ಕುಡಿದು ಉಬ್ಬದ ಹಾಗೆ ಸ್ವಲ್ಪ ಸ್ವಲ್ಪ ಮಾಡಿ.

ಕೃಷ್ಣಾ_ಬ್ರಿಡ್ಜ್, ಯಾದಗಿರಿ

ಗಟ್ಟಿ ಅಂಟಿದ್ದು ಇರ್ಲಿ ಬಿಡು, ಅದು ಜಿಗ್ಯಲ್ಲ. ಸಡಿಲ ಇದ್ದಲ್ಲಿ ಅಷ್ಟ ತಗದು ಶಹಾಬಾದಿ ಫರ್ಸಿ ಕೊಯ್ಯೋ ಕಡಿಂದ ಚೂರು ತಂದು ಕುಟ್ಟಿ ಹಾಕು, ಅದು ಸುಣ್ಣದ ಕಲ್ಲು, ಮ್ಯಾಗ್ನೆಟ್‌ಗಿ ಹತ್ತಲ್ಲ. ಖರೆ ಖಡಿ 50 ಮಿಲಿಮೀಟರ್ ಹಿಡಿದ್ರ ನಿನಗ ಅರ್ಧ ಮಿಲಿಮೀಟರ್ ಮ್ಯಾಲ ಜರಾ, ಅಷ್ಟ ಹಳಕ್ ಸೋಸ್ಕೊ. ಬಣ್ಣ ಬೂದಿ ಆಗಿ ಕಾಣ್ತದ, ಕರಿ ಅಕ್ರಿಲಿಕ್ ಭಾಳ ನೀರು ಮಾಡಿ ಮ್ಯಾಲ ಬಿಟ್ರ ಹಳೇ ಖಡಿಗಿ ಕೂಡ್ತದ. ಅಂಟಸೋಕಿನ ಮೊದಲ ಒಂದು ಸಲ ಮ್ಯಾಗ್ನೆಟ್ ಆಡಸು.