ಅಕ್ವೇರಿಯಂ ಮೀನುಗಳಿಗಾಗಿ ಮನೆಯಲ್ಲಿ ಯಾವ ಔಷಧಿಗಳನ್ನು ಇಟ್ಟುಕೊಂಡಿರಬೇಕು?

ಪ್ರಶ್ನೆ: ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಗೋಲ್ಡ್‌ಫಿಶ್‌ಗಳಿವೆ. ಇನ್ನೊಂದು ಚಿಕ್ಕ ತೊಟ್ಟಿಯಲ್ಲಿ ಗಿಡಗಳ ಜೊತೆಗೆ ಗಪ್ಪಿ ಮತ್ತು ಕೋರಿಡೋರಸ್ ಮೀನುಗಳನ್ನು ಸಾಕಿದ್ದೇವೆ. ಇಲ್ಲಿಯ ಅಂಗಡಿಗಳಲ್ಲಿ ಮೀನು, ಆಹಾರ ಸಿಗುತ್ತವೆ. ಔಷಧಿ ಕೇಳಿದರೆ ಮಾತ್ರ ಎಲ್ಲ ಕಾಯಿಲೆಗೂ ಒಂದೇ ನೀಲಿ ಬಾಟಲಿಯನ್ನು ಕೊಡುತ್ತಾರೆ. ಬೇರೆಯದನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುವಷ್ಟರಲ್ಲಿ ರೋಗ ಕೈಮೀರಿರುತ್ತದೆ. ಆದ್ದರಿಂದ ಮುಂಚಿತವಾಗಿಯೇ ಒಂದು ಪೆಟ್ಟಿಗೆಯನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕೆಂದಿದ್ದೇನೆ. ಅದರಲ್ಲಿ ಏನೇನು ಇರಬೇಕು, ಯಾವ ಪ್ರಮಾಣದಲ್ಲಿ ಬಳಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ವಿಜಯಪುರ

ಶರಣು. ಪೆಟ್ಟಿಗೆಗೆ ಎಲ್ಲಕ್ಕಿಂತ ಮೊದಲು ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಟೆಸ್ಟ್ ಕಿಟ್ ಸೇರಲಿ ಎಂಬುದು ನನ್ನ ಕಳಕಳಿಯ ಸಲಹೆ. ಮೀನು ಮೇಲೆ ಬಂದು ಬಾಯಿ ಆಡಿಸುವುದು, ರೆಕ್ಕೆ ಮುದುರಿಕೊಂಡು ಮೂಲೆ ಸೇರುವುದು, ಕಿವಿರು ಕೆಂಪಾಗುವುದು ರೋಗದಂತೆ ಕಂಡರೂ ಬಹಳಷ್ಟು ಸಲ ಅದಕ್ಕೆ ಕಾರಣ ಕೆಟ್ಟ ನೀರು. ಅಂಥ ನೀರಿಗೆ ಔಷಧಿ ಸುರಿದರೆ ಫಿಲ್ಟರ್‌ನಲ್ಲಿ ಅಮೋನಿಯಾವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳೂ ಸತ್ತು ಅಮೋನಿಯಾ ಮತ್ತಷ್ಟು ಏರುತ್ತದೆ. ನಮ್ಮ ಭಾಗದಲ್ಲಿ ಬೋರ್ ನೀರು ಬಳಸುವವರು ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಕೂಡ ನೋಡಿಕೊಳ್ಳಬೇಕು. ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ಅಂಶ ಸುಮಾರು ಹತ್ತು ಪಟ್ಟಾಗುತ್ತದೆ.

ಅಳತೆಯಲ್ಲಿ ದೋಷ ಕಂಡರೆ ಮೊದಲ ಚಿಕಿತ್ಸೆ ನೀರು ಬದಲಿಸುವುದೇ ಆಗಿರುವುದರಿಂದ, ನಳದ ನೀರಿನ ಕ್ಲೋರಿನ್ ತೆಗೆಯುವ ಸೋಡಿಯಂ ಥಿಯೋಸಲ್ಫೇಟ್ ಹರಳುಗಳು ಕೈಗೆ ಸಿಗುವಂತಿರಬೇಕು. 1 ಮಿ.ಗ್ರಾಂ. ಕ್ಲೋರಿನ್‌ಗೆ ಸುಮಾರು 7 ಮಿ.ಗ್ರಾಂ. ಹರಳು ಬೇಕಾಗುತ್ತದೆ. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಸಹ ಇರಲಿ. ನೀರು 20 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಕರೆಂಟ್ ಹೋದರೆ ಆರೋಗ್ಯವಾಗಿರುವ ಮೀನಿಗೇ ಕಷ್ಟ, ಚಿಕಿತ್ಸೆಯಲ್ಲಿರುವ ಮೀನಿನ ಪಾಡು ಹೇಳುವಂತಿಲ್ಲ.

ಇನ್ನು ಅಯೋಡಿನ್ ಬೆರೆಸದ ಶುದ್ಧ ಉಪ್ಪು. ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಅದರಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತ ಸೇರದಂತೆ ತಡೆಯುತ್ತದೆ. ಬಿಳಿ ಚುಕ್ಕೆ ರೋಗಕ್ಕೆ (ಪರಾವಲಂಬಿಯೊಂದರಿಂದ ಮೈಮೇಲೆ ಚುಕ್ಕೆ ಏಳುವ ರೋಗ) ಗೋಲ್ಡ್‌ಫಿಶ್‌ಗಳಿಗೆ ಲೀಟರಿಗೆ 2ರಿಂದ 3 ಗ್ರಾಂವರೆಗೆ ಕೊಡಬಹುದು. ಅದನ್ನೂ ಒಮ್ಮೆಲೇ ಹಾಕದೆ, ಕರಗಿಸಿ, ಒಂದೆರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಇಂಗಿದ ನೀರನ್ನು ತುಂಬುವಾಗ ಮತ್ತೆ ಉಪ್ಪು ಹಾಕಬಾರದು. ನಿಮ್ಮ ಚಿಕ್ಕ ತೊಟ್ಟಿಗೆ ಇದು ಬೇಡವೇ ಬೇಡ, ಗಿಡಗಳೂ ಕೋರಿಡೋರಸ್‌ಗಳೂ ತಾಳಲಾರವು. ಗಪ್ಪಿಗಳನ್ನು ಬೇರೆ ಟಬ್‌ಗೆ ತೆಗೆದು ಉಪಚರಿಸಬೇಕು.

ಪ್ರಮಾಣ ಲೆಕ್ಕ ಹಾಕುವಾಗ ನೀರನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ದೊಡ್ಡ ತೊಟ್ಟಿಯ ಅಳತೆ 108 ಲೀಟರ್ ಆದರೂ ಮರಳು, ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವ ನೀರು 85 ಲೀಟರ್ ಆಸುಪಾಸು.

ಉತ್ತರ 2: ಟಿಳಕವಾಡಿ, ಬೆಳಗಾವಿ

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಔಷಧಿಗಳ ಬಗ್ಗೆ ನಾನು ಮುಂದುವರಿಸುತ್ತೇನೆ. ನೀಲಿ ಬಾಟಲಿ ಎಂದರೆ ಮೆಥಿಲೀನ್ ಬ್ಲೂ. ಮೊಟ್ಟೆಗಳಿಗೆ ಬೂಸ್ಟು ಹಿಡಿಯದಂತೆ ತಡೆಯಲು ಅದು ಒಳ್ಳೆಯದೇ, ಆದರೆ ಫಿಲ್ಟರ್‌ಗೂ ಗಿಡಗಳಿಗೂ ಹಾನಿ ಮಾಡುವುದರಿಂದ ಬೇರೆ ಟಬ್‌ನಲ್ಲಿ ಮಾತ್ರ ಬಳಸಿರಿ.

ಬಿಳಿ ಚುಕ್ಕೆ ರೋಗಕ್ಕೆ ಮಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಬೆರೆತ ಔಷಧಿ ಇಟ್ಟುಕೊಳ್ಳಿರಿ. ಚರ್ಮದಡಿ ಅಡಗಿರುವ ಪರಾವಲಂಬಿಯನ್ನು ಅದು ಕೊಲ್ಲುವುದಿಲ್ಲ. ಅಲ್ಲಿಂದ ಹೊರಬಿದ್ದು, ಮರಿಮಾಡಿ, ನೀರಿನಲ್ಲಿ ಈಜಾಡುವ ಹಂತದಲ್ಲಿ ಮಾತ್ರ ಅದು ಸಾಯುತ್ತದೆ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಿದವರ ತೊಟ್ಟಿಯಲ್ಲಿ ರೋಗ ಮರಳುವುದು ಇದೇ ಕಾರಣಕ್ಕೆ. ಚಳಿಗಾಲದಲ್ಲಿ ನೀರು ತಣ್ಣಗಾದಂತೆ ಈ ಚಕ್ರ ನಿಧಾನವಾಗುತ್ತದೆ, ಚಿಕಿತ್ಸೆಯ ಅವಧಿಯೂ ಅಷ್ಟೇ ಹಿಗ್ಗಬೇಕು. ಕೋರಿಡೋರಸ್‌ಗಳಿಗೆ ಅರ್ಧ ಪ್ರಮಾಣ ಸಾಕು. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುವುದರಿಂದ ಏರ್ ಪಂಪ್ ಓಡುತ್ತಲೇ ಇರಲಿ, ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆದಿಡಿರಿ, ಇಲ್ಲವಾದರೆ ಔಷಧಿಯನ್ನೆಲ್ಲ ಅದೇ ಹೀರುತ್ತದೆ.

ಕಿವಿರಿನ ಹುಳು ಮತ್ತು ಲಾಡಿ ಹುಳುವಿಗೆ ಪ್ರಾಜಿಕ್ವಾಂಟೆಲ್. ಗಪ್ಪಿಗಳ ಗುದದ್ವಾರದಿಂದ ಕೆಂಪು ದಾರದಂತೆ ಇಣುಕುವ ಹುಳುವಿಗೆ ಅದು ನಾಟುವುದಿಲ್ಲ, ಲೆವಾಮಿಸೋಲ್ ಬೇಕು. ಕುರಿಗಳ ಜಂತಿಗೆ ಕೊಡುವ ಔಷಧಿಯಾದ್ದರಿಂದ ನಿಮ್ಮ ಜಿಲ್ಲೆಯಲ್ಲಿ ಹುಡುಕಾಡಬೇಕಾಗಿಲ್ಲ, ಆದರೆ ಕುರಿಯ ಬಾಟಲಿಗಳಲ್ಲಿ ಅನೇಕವು ಲೆವಾಮಿಸೋಲ್ ಜೊತೆಗೆ ಆಕ್ಸಿಕ್ಲೋಜನೈಡ್ ಎಂಬ ಇನ್ನೊಂದು ಜಂತುನಾಶಕ ಬೆರೆತಿರುವಂಥವು. ಅದನ್ನು ಮೀನಿಗೆ ಖಂಡಿತ ಬಳಸಬೇಡಿರಿ. ಲೇಬಲ್ ಓದಿ, ಬೇರೇನೂ ಬೆರೆಯದ್ದನ್ನೇ ತನ್ನಿರಿ.

ಪ್ರಶ್ನೆ ಕೇಳಿದವರು: ಬಾಗಲಕೋಟೆ

ಇಬ್ಬರಿಗೂ ಅನಂತ ಧನ್ಯವಾದಗಳು. ಬಾಲ ಕೊಳೆತರೆ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಹಾಕಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಅದನ್ನೂ ಪೆಟ್ಟಿಗೆಯಲ್ಲಿ ಇಡಬಹುದೆ?

ಉತ್ತರ 3: ವಿಜಯಪುರ

ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಟೆಟ್ರಾಸೈಕ್ಲಿನ್ ಅನ್ನು ಕಟ್ಟಿಹಾಕಿಬಿಡುತ್ತವೆ. ನಮ್ಮ ಬೋರ್ ನೀರಿನಲ್ಲಿ ಮೀನಿಗೆ ತಲುಪುವುದು ತೀರ ಅತ್ಯಲ್ಪ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಮಾತ್ರ ಹಾಗೆಯೇ ಉಳಿಯುತ್ತದೆ. ಬಾಲದ ಕೊಳೆ ಆರಂಭದಲ್ಲಿದ್ದರೆ ಶುದ್ಧ ನೀರು ಮತ್ತು ಉಪ್ಪಿನಿಂದಲೇ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಮೈಮೇಲೆ ಹುಣ್ಣಾದರೆ ಅಥವಾ ಹೊಟ್ಟೆ ಉಬ್ಬಿ ಪೊರೆಗಳು ಎದ್ದು ನಿಂತರೆ ಪಶುವೈದ್ಯರನ್ನು ಕಾಣಿರಿ, ಆ್ಯಂಟಿಬಯೋಟಿಕ್ ಬೇಕೆ, ಆಹಾರದಲ್ಲಿ ಬೆರೆಸಿ ಕೊಡಬೇಕೆ ಎಂಬುದನ್ನು ಅವರೇ ನಿರ್ಧರಿಸಲಿ.

ಪೆಟ್ಟಿಗೆಯನ್ನು ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಕಡೆ ಇಡಿರಿ. ಫಾರ್ಮಲಿನ್ ಇರುವ ಬಾಟಲಿಯನ್ನು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿರಿ, ತಣ್ಣಗಾದರೆ ಅದರಲ್ಲಿ ಬಿಳಿ ಗಷ್ಟು ಕೂಡುತ್ತದೆ, ಅದು ಮೀನಿಗೆ ವಿಷ. ಗಷ್ಟು ಕಂಡ ಬಾಟಲಿಯನ್ನು ಬಳಸಬಾರದು. ಮಲಕೈಟ್ ಗ್ರೀನ್ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿರಿ, ಔಷಧಿ ಬೆರೆತ ನೀರನ್ನು ಕೆರೆಗಾಗಲಿ ಹೊಲದ ಕಾಲುವೆಗಾಗಲಿ ಬಿಡಬೇಡಿರಿ.