ಕಾರಿನ ಮೇಲೆ ಬಿದ್ದದ್ದು ಸೊನೆಯೋ, ಅಂಟೋ, ರಾಳವೋ?

ಜಯನಗರದಲ್ಲಿ ನಾವಿರುವ ವಸತಿ ಸಮುಚ್ಚಯದವರಿಗಾಗಿ, ಮರದಡಿ ನಿಲ್ಲಿಸಿದ ಕಾರಿನ ಬಣ್ಣಕ್ಕೆ ಹತ್ತಿ ಬಿಡದ ಅಂಟುಕಲೆಗಳನ್ನು ತೆಗೆಯುವ ಬಗೆಯನ್ನು ತಿಳಿಸುವ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಿಡಮರಗಳ ದ್ರವಕ್ಕೆ ಇಂಗ್ಲಿಷಿನಲ್ಲಿರುವ ‘ಸ್ಯಾಪ್’ ಎಂಬ ಮಾತಿಗೆ ಯಾವ ಪದವನ್ನು ಬಳಸಬೇಕೆಂಬುದು ತೀರ್ಮಾನವಾಗದೆ ಬಲ್ಲವರನ್ನು ಕೇಳುತ್ತಿದ್ದೇನೆ.

ಕೃಷಿ ಬರಹಗಳಲ್ಲಿ ‘ರಸ ಹೀರುವ ಕೀಟ’ ಎಂಬ ಪ್ರಯೋಗ ರೂಢಿಯಲ್ಲಿರುವುದರಿಂದ ಮೊದಲು ‘ರಸ’ ಎಂದೇ ಬರೆದೆ. ಆದರೆ ರಸವೆಂಬುದು ಗಿಡದೊಳಗೆ ಇರುವಂಥದ್ದು; ಹೊರಗೆ ಒಸರಿದ ಮೇಲೆ ನಮ್ಮ ಜನ ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮಿ ಚರ್ಮವನ್ನು ಸುಡುವುದು ಸೊನೆ, ಆಲ ಅತ್ತಿಗಳಿಂದ ಬರುವುದು ಹಾಲು, ಹಲಸು ಬಿಡಿಸುವಾಗ ಕೈಗೆ ಮೆತ್ತುವುದು ಮೇಣ, ಜಾಲಿ ಮತ್ತು ನುಗ್ಗೆಯ ಕಾಂಡದ ಮೇಲೆ ಗಟ್ಟಿಯಾಗಿ ನಿಲ್ಲುವುದು ಗೋಂದು, ಪೈನ್ ಮತ್ತು ಧೂಪದ ಮರಗಳದ್ದು ರಾಳ.

ಈ ಭೇದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಕಲೆ ತೆಗೆಯುವ ಉಪಾಯವೂ ಇದನ್ನೇ ಅನುಸರಿಸುತ್ತದೆ. ಗೋಂದು ನೀರಿನಲ್ಲಿ ನೆನೆದು ಉಬ್ಬುವುದರಿಂದ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿಟ್ಟರೆ ಸಡಿಲಾಗುತ್ತದೆ. ರಾಳ ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೇಣಕ್ಕೆ ಎಣ್ಣೆ ಬೇಕೆಂಬುದನ್ನು, ಹಲಸು ಹೆಚ್ಚುವ ಮೊದಲು ಕತ್ತಿಗೆ ಕೊಬ್ಬರಿ ಎಣ್ಣೆ ಸವರುವ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಕಾರು ತೊಳೆಯಲು ಬರುವ ಹುಡುಗ ಇವೆಲ್ಲವನ್ನೂ ‘ಗಮ್ಮು’ ಎಂದೇ ಕರೆದು, ಎಲ್ಲವನ್ನೂ ಒಣಬಟ್ಟೆಯಿಂದಲೇ ತಿಕ್ಕುತ್ತಾನೆ. ಒಣಗಿದ ಒಂದು ಹನಿಯ ಸುತ್ತ ನಮ್ಮ ಬಾನೆಟ್ಟಿನ ಮೇಲೆ ಅಂಗೈಯಗಲ ಸಣ್ಣ ಸಣ್ಣ ಗೀರುಗಳು ಬಿದ್ದಿವೆ.

‘ಮೇಣ’ದಿಂದ ಇನ್ನೊಂದು ತೊಡಕಿದೆ. ಆಲ್ಕೊಹಾಲ್ ಬಣ್ಣದ ಮೇಲಿನ ಕಾಪಿನ ಪದರವನ್ನೂ ಕರಗಿಸುವುದರಿಂದ ಕೊನೆಗೆ ವ್ಯಾಕ್ಸ್ ಹಚ್ಚಬೇಕು. ಅದನ್ನೂ ಮೇಣವೆಂದರೆ ‘ಮೇಣ ತೆಗೆದು ಮೇಣ ಹಚ್ಚಿರಿ’ ಎಂದಾಗುತ್ತದೆ. ಹಾಗಾಗಿ ಅಲ್ಲಿ ವ್ಯಾಕ್ಸ್ ಎಂದೇ ಉಳಿಸಿಕೊಂಡಿದ್ದೇನೆ.

ಇನ್ನು ಮಳೆಮರದ ವಿಷಯ. ಅಮೆರಿಕ ಖಂಡದಿಂದ ಬಂದು ನಮ್ಮ ಊರಿನ ಬೀದಿಗಳಿಗೆ ನೆರಳಾದ ಈ ಮರದಡಿ ನಿಂತ ಕಾರಿನ ಗಾಜಿನ ಮೇಲೆ, ಬೆಳಿಗ್ಗೆ ಸಾಸಿವೆಗಿಂತ ಸಣ್ಣ, ಹೊಳೆಯುವ ಅಂಟುಚುಕ್ಕೆಗಳು ಕಾಣುತ್ತವೆ. ಅವು ಎಷ್ಟೋ ವೇಳೆ ಮರ ಒಸರಿದ್ದಲ್ಲ, ಎಲೆಯ ರಸ ಹೀರಿದ ಕೀಟಗಳು ಹೊರಹಾಕಿದ ಸಕ್ಕರೆಯ ದ್ರವ. ಒದ್ದೆ ಬೆರಳಿಗೇ ಕರಗುತ್ತವೆ. ಹಾಗೆಯೇ ಬಿಟ್ಟರೆ ಮೇಲೆ ಕಪ್ಪು ಬೂಷ್ಟು ಬೆಳೆಯಬಹುದು. ಈ ದ್ರವಕ್ಕೆ ಇಂಗ್ಲಿಷಿನಲ್ಲಿರುವ ‘ಹನಿಡ್ಯೂ’ ಎಂಬ ಹೆಸರನ್ನು ‘ಜೇನಿಬ್ಬನಿ’ ಎಂದರೆ ಕೇಳಲು ಇಂಪು, ಆದರೆ ಗಾಜಿನ ಮೇಲೆ ನಿಜವಾದ ಇಬ್ಬನಿಯೂ ಕೂರುವುದರಿಂದ ಓದುಗರು ದಾರಿ ತಪ್ಪಿಯಾರು. ‘ಸಿಹಿಯಂಟು’ ಎಂಬುದು ನನಗೆ ಹೆಚ್ಚು ಸರಿಯೆನಿಸಿದೆ.

ಒಟ್ಟು ಶೀರ್ಷಿಕೆಗೆ ‘ಮರದ ಸೊನೆ’ ಎಂದಿಡುವ ಒಲವಿದೆ. ಆದರೆ ಓದುವಾಗ ಸೊ ದೀರ್ಘವಾದರೆ ಅದು ಸೋನೆಮಳೆಯಾಗಿಬಿಡುತ್ತದೆ. ಅದೂ ಅಲ್ಲದೆ, ನನ್ನ ಕಿವಿಗೆ ಸೊನೆಯೆಂದರೆ ಮೊದಲು ಮಾವೇ ನೆನಪಾಗುತ್ತದೆ. ನಿಮ್ಮ ಸೀಮೆಯಲ್ಲಿ ಬೇವು, ಹೊಂಗೆಗಳ ಕಾಂಡದಿಂದ ಒಸರುವುದಕ್ಕೂ ಸೊನೆಯೆನ್ನುವುದುಂಟೇ, ಅಥವಾ ಅಲ್ಲಿ ಅಂಟೆಂದೇ ಹೇಳುತ್ತಾರೆಯೇ? ದಯವಿಟ್ಟು ಊರಿನ ಹೆಸರಿನೊಡನೆ ತಿಳಿಸಬೇಕಾಗಿ ಕೋರುತ್ತೇನೆ.